ಗೇಣುದ್ದದ ಲೋಹ

ಅರುವತ್ತು ತುಂಬಿದ ಮನುಷ್ಯನು ಪರಲೋಕದ ವಿಚಾರವಾಗಿ ನಾಲ್ಕು ಮಾತು ಬರೆದರೆ ಓದುವವರಿಗೂ ಒಪ್ಪಿತವಾಗುವುದು, ಬರೆಯುವವನಿಗೂ ಶೋಭಿಸುವುದು. ನಾವಾದರೋ ಬೈಸಿಕಲ್ಲಿನ ಸೀಟಿನ ಕೆಳಗಿರುವ ಗೇಣುದ್ದದ ಕೊಳವೆಯೊಂದರ ವಿಚಾರವಾಗಿ ಬರೆಯಹೊರಟಿದ್ದೇವೆ. ವಾಚಕರು ಮನ್ನಿಸಬೇಕು. ಹೋದ ಮಳೆಗಾಲದಿಂದ ಈ ನವರಾತ್ರಿಯವರೆಗೆ ನಮ್ಮ ಮನೆಯಲ್ಲಿ ಆ ಕೊಳವೆಯಷ್ಟು ಚರ್ಚೆಗೆ ಬಂದ ವಸ್ತು ಇನ್ನೊಂದಿಲ್ಲ. ಅದರ ನಿಮಿತ್ತವಾಗಿ ತಂದೆಮಕ್ಕಳಲ್ಲಿ ನಾಲ್ಕು ದಿನ ಮಾತು ನಿಂತದ್ದೂ ಉಂಟು.

ಬೈಸಿಕಲ್ಲಿನ ಚೌಕಟ್ಟಿನಲ್ಲಿ ಪೆಡಲುಗಳ ಬಳಿಯಿಂದ ಸೀಟಿನ ಕಡೆಗೆ ಓರೆಯಾಗಿ ಏರಿಬರುವ ಕೊಳವೆಯೊಂದಿರುವುದಷ್ಟೆ. ಅದರ ಬಾಯೊಳಕ್ಕೆ ಇಳಿದು, ಒಂದು ಬಿಗಿಪಟ್ಟಿಯಲ್ಲಿ ಸಿಕ್ಕಿಕೊಂಡು, ತಲೆಯ ಮೇಲೆ ಸೀಟನ್ನೂ ಸೀಟಿನ ಮೇಲೆ ನಮ್ಮನ್ನೂ ಹೊತ್ತು ನಿಂತಿರುವುದೇ ಈ ದಂಡ. ಇದಕ್ಕೆ ನಾವು ಮೊದಲು 'ಪೀಠದಂಡ'ವೆಂದು ನಾಮಕರಣ ಮಾಡಿದೆವು. ನಮ್ಮ ಹಳೆಯ ಶಿಷ್ಯನೊಬ್ಬನು ಪೇಟೆಯ ತುದಿಯಲ್ಲಿ ಬೈಸಿಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವನು. ಅವನ ಮುಂದೆ ಈ ಪದವನ್ನು ಪ್ರಯೋಗಿಸಿದಾಗ ಅವನು ಸ್ಪಾನರನ್ನು ಕೆಳಗಿಟ್ಟು, "ಮೇಷ್ಟ್ರೇ, ಅದಕ್ಕೆ ಸೀಟ್ ಪಿಲ್ಲರ್ ಅಂತಾರೆ, ಹೊಸ ಹುಡುಗರು ಸೀಟ್ ಪೋಸ್ಟ್ ಅಂತಾರೆ. ದಂಡ ಅಂದರೆ ಗಿರಾಕಿಗಳು ಪೊಲೀಸಿನವರು ಹಾಕಿದ್ದು ಅಂದುಕೊಂಡಾರು," ಎಂದನು. ಆದುದರಿಂದ ಮುಂದೆ ಪಿಲ್ಲರೆಂದೇ ಬರೆಯುವೆವು.

ಬೈಸಿಕಲ್ಲು ನಮ್ಮದಲ್ಲ, ಮಗನದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಗ ಗುಡ್ಡ ಹತ್ತುವ ಹುಚ್ಚಿನಿಂದ ಕೊಂಡ ಮೌಂಟನ್ ಬೈಕು. ಕ್ರೋಮಿಯಮ್ಮನ್ನೂ ಮಾಲಿಬ್ಡಿನಮ್ಮನ್ನೂ ಬೆರೆಸಿದ ಉಕ್ಕಿನ ತೆಳುಗೊಳವೆಗಳನ್ನು ಬೆಸೆದು ಮಾಡಿದ್ದು. ಜರ್ಮನಿಗೆ ಹೊರಟಾಗ ಅದನ್ನು ಮಾರಲು ಅವನಿಗೆ ಮನಸ್ಸು ಬಾರಲಿಲ್ಲ. ಶಿವಮೊಗ್ಗೆಯ ಸೀಮೆಯಲ್ಲಿರುವ ನಮ್ಮ ಮನೆಯ ಜಗಲಿಗೆ ತಂದು ಒರಗಿಸಿಹೋದನು. ಒಂದು ವರ್ಷ ಅದು ಅಲ್ಲಿಯೇ ನಿಂತಿತು. ಬಳಿಕ ನಾವು ನಿವೃತ್ತರಾದೆವು. ಅದಕ್ಕೂ ಕೆಲಸ ದೊರೆಯಿತು.

ನಮ್ಮ ಅಕ್ಕ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯೊಂದರ ತೋಟದ ಮನೆಯಲ್ಲಿರುವಳು. ಭಾವನವರು ತೀರಿಕೊಂಡ ಮೇಲೂ ಆ ಮನೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ಎಪ್ಪತ್ತೆರಡು ವಯಸ್ಸು, ಕಿವಿ ಚುರುಕು, ಕಣ್ಣು ಮಂದ. ಗುರುವಾರ ಗುರುವಾರ ನಾವು ಹೋಗಿ ಭಾರತದ ಒಂದು ಭಾಗವನ್ನು ಓದಿ ಹೇಳಿ, ಊಟ ಮಾಡಿ, ಸಂಜೆಗೆ ಹಿಂದಿರುಗುವುದು ವಾಡಿಕೆಯಾಯಿತು. ಬಸ್ಸು ದಿನಕ್ಕೆ ಎರಡು ಬಾರಿ. ಮಳೆಗಾಲದಲ್ಲಿ ಅದಕ್ಕೂ ಭರವಸೆಯಿಲ್ಲ. ಮೋಟಾರ್ ಸೈಕಲ್ಲನ್ನು ನಾವು ಕಲಿಯಲೇ ಇಲ್ಲ. ದಾರಿಯಲ್ಲಿ ಮೊದಲ ಮೂರು ಕಿಲೋಮೀಟರ್ ಡಾಂಬರು; ಉಳಿದ ಆರು ಜಂಬಿಟ್ಟಿಗೆ ಮಣ್ಣು. ಮಳೆ ಬಿದ್ದು ಮಣ್ಣು ಕೊಚ್ಚಿಹೋದ ಮೇಲೆ ಆ ರಸ್ತೆಯಲ್ಲಿ ಉಳಿಯುವುದು ಕಲ್ಲಿನ ಹಲ್ಲುಗಳು ಮಾತ್ರ.

ಎರಡನೆಯ ಮಳೆಗಾಲದ ಕೊನೆಗೆ ನಮ್ಮ ಸೊಂಟವು ಮಾತಾಡತೊಡಗಿತು. ವೈದ್ಯರು ಚಿತ್ರ ತೆಗೆಯಿಸಿ ನೋಡಿ, ಬೆನ್ನೆಲುಬಿನ ಕೆಳಭಾಗದ ಎರಡು ಮಣಿಗಳ ನಡುವಣ ಬಿಲ್ಲೆ ಸವೆದಿದೆಯೆಂದೂ, ಬೈಸಿಕಲ್ಲನ್ನು ಬಿಡಬೇಕು, ಇಲ್ಲವೆ ಆ ರಸ್ತೆಯನ್ನು ಬಿಡಬೇಕು ಎಂದೂ ಹೇಳಿದರು. ಬೈಸಿಕಲ್ಲನ್ನು ಬಿಡುವುದು ನಮಗೆ ಕಷ್ಟವಾಗಿರಲಿಲ್ಲ. ಆ ರಸ್ತೆಯ ತುದಿಯಲ್ಲಿ ಅಕ್ಕನಿದ್ದಳು.

ಮೂರು ಗುರುವಾರ ತಪ್ಪಿದುವು. ನಾಲ್ಕನೆಯ ಗುರುವಾರ ಅಕ್ಕ ಟೆಲಿಫೋನು ಮಾಡಿ, "ಭೀಷ್ಮ ಇನ್ನೂ ಬಾಣದ ಮೇಲೆಯೇ ಮಲಗಿದಾನೇನೋ?" ಎಂದು ಕೇಳಿದಳು. ಕಥೆ ಅಲ್ಲಿಗೆ ನಿಂತಿದ್ದಿತು.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮಾಡಿದೆವು: ಮೆತ್ತನೆಯ ದಪ್ಪ ಹೊದಿಕೆಯೊಂದನ್ನು ತಂದು ಸೀಟಿಗೆ ತೊಡಿಸಿದೆವು. ಹಾಸಿಗೆಯಂತಹ ಸೀಟಿನಲ್ಲಿ ಎಲುಬು ಹೂತುಹೋಗಿ, ಭಾರ ಬೀಳಬಾರದ ಮಾಂಸದ ಮೇಲೆ ಭಾರ ಬಿದ್ದು, ಅರ್ಧ ಗಂಟೆಯಲ್ಲಿ ತೊಡೆಗಳೆರಡೂ ಜೋಮು ಹಿಡಿದುವು. ಹೊದಿಕೆ ಈಗ ಅಡಿಗೆಮನೆಯ ಮಣೆಯ ಮೇಲಿದೆ.

ಇದನ್ನು ಕೇಳಿ ಮಗನು ದೂರದಿಂದ ಹೇಳಿದನು: "ಅಪ್ಪಯ್ಯ, ಅದರಲ್ಲಿರುವುದು ಅಗ್ಗದ ಅಲ್ಯೂಮಿನಿಯಮ್ ಪಿಲ್ಲರು, ಕಲ್ಲಿನ ಏಟೆಲ್ಲ ನೇರ ಬೆನ್ನಿಗೆ ಬರುತ್ತದೆ. ಚೌಕಟ್ಟು ಉಕ್ಕಿನದು, ಒಳ್ಳೆಯದು. ಅದಕ್ಕೆ ಟೈಟೇನಿಯಮ್ ಪಿಲ್ಲರು ಹಾಕಿದರೆ ಸ್ಪ್ರಿಂಗಿನ ಹಾಗೆ ಬಳುಕುತ್ತದೆ. ನಾನು ಕಳಿಸುತ್ತೇನೆ." ಬೆಲೆ ಎಷ್ಟೆಂದು ಕೇಳಿದೆವು. ಅವನು ಹೇಳಿದ್ದನ್ನು ರೂಪಾಯಿಗೆ ತಿರುಗಿಸಿ ನೋಡಿ, ಮೊದಲು ಹಳೆಯದನ್ನು ತೆಗೆದು ನೋಡೋಣವೆಂದು ಮಾತು ತೇಲಿಸಿದೆವು.

ತೆಗೆಯುವುದೇ ಒಂದು ಪರ್ವವಾಯಿತು. ಅಲ್ಯೂಮಿನಿಯಮ್ಮು ಉಕ್ಕಿನೊಡನೆ ಒದ್ದೆಯಾಗಿ ತಗುಲಿಕೊಂಡಿದ್ದರೆ ಎರಡರ ನಡುವೆ ಬ್ಯಾಟರಿಯೊಳಗೆ ನಡೆಯುವಂತಹ ವಿದ್ಯುತ್ಕ್ರಿಯೆ ನಡೆಯುವುದು. ಅದರಲ್ಲಿ ಸವೆಯುವುದು ಅಲ್ಯೂಮಿನಿಯಮ್ಮು. ಸವೆದು ಬಿಳಿಯ ಪುಡಿಯಾಗುವುದು. ಆ ಪುಡಿ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಪಿಲ್ಲರನ್ನು ಕೊಳವೆಯೊಳಗೆ ಬೆಣೆ ಬಡಿದಂತೆ ಕಚ್ಚಿಹಿಡಿಯುವುದು. ನಡುವೆ ಗ್ರೀಸು ಸವರಿದ್ದರೆ ಇದಾವುದೂ ಆಗುತ್ತಿರಲಿಲ್ಲ. ನಮ್ಮದಕ್ಕೆ ಯಾರೂ ಸವರಿರಲಿಲ್ಲ. ಮಲೆನಾಡಿನ ಮಳೆಯನ್ನು ಕುಡಿದು ಅದು ಭೀಷ್ಮಪ್ರತಿಜ್ಞೆ ಮಾಡಿ ಕುಳಿತಿದ್ದಿತು.

ಶಿಷ್ಯನು ಊರಿನಲ್ಲಿರಲಿಲ್ಲವಾಗಿ ಬೇರೊಂದು ಅಂಗಡಿಗೆ ಒಯ್ದೆವು. ಅವರು ಬೆಂಕಿಯ ದೀಪವನ್ನು ಹಿಡಿದು ಕಾಯಿಸಿದರು. ಬಣ್ಣ ಸುಟ್ಟಿತು, ಪಿಲ್ಲರು ಕದಲಲಿಲ್ಲ. ಕದಲುವುದು ಹೇಗೆ? ಶಾಖಕ್ಕೆ ಅಲ್ಯೂಮಿನಿಯಮ್ಮು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದು. ಹೊರಗಿನ ಉಕ್ಕು ಒಂದು ಪಾಲು ಅಗಲವಾಗುವಾಗ ಒಳಗಿನ ಪಿಲ್ಲರು ಎರಡು ಪಾಲು ದಪ್ಪವಾಗುವುದು. ಗಾಡಿಯ ಚಕ್ರಕ್ಕೆ ಪಟ್ಟಿ ಏರಿಸುವ ಕಮ್ಮಾರನು ಹೊರಗಿನ ಪಟ್ಟಿಯನ್ನು ಮಾತ್ರ ಕಾಯಿಸುವನಲ್ಲದೆ ಚಕ್ರವನ್ನೂ ಕೂಡಿ ಕಾಯಿಸುವುದಿಲ್ಲ. ನಮ್ಮ ಶಿಷ್ಯನು ಬಂದವನೇ ಬೈಸಿಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ನುಸುಳುವ ಎಣ್ಣೆಯನ್ನು ಒಳಗಿನಿಂದ ಎರೆದು ನಾಲ್ಕು ದಿವಸ ಬಿಟ್ಟನು. ಐದನೆಯ ದಿವಸ ಪಿಲ್ಲರಿನ ಸುತ್ತ ಮಂಜುಗಡ್ಡೆಯನ್ನು ಕಟ್ಟಿ ಕುಗ್ಗಿಸಿ ತಿರುಚಿದನು. ಮಂಜುಗಡ್ಡೆಗೆ ಮೀನಿನ ವಾಸನೆಯಿದ್ದಿತು. ಎಲ್ಲಿಂದ ತಂದೆಯೆಂದು ನಾವು ಕೇಳಲಿಲ್ಲ. ಕಿರ್ರೆಂದು ಕೂಗಿ ಪಿಲ್ಲರು ಹೊರಬಂದಿತು, ಹಿಂದೆಯೇ ಒಂದು ಮುಷ್ಟಿ ಬಿಳಿಯ ಪುಡಿ.

ಹೊರಬಂದದ್ದನ್ನು ನೋಡಿ ಶಿಷ್ಯನ ಮುಖ ಗಂಭೀರವಾಯಿತು. ಪ್ರತಿ ಪಿಲ್ಲರಿನ ಮೇಲೂ ಒಂದು ಗೆರೆ ಕೊರೆದಿರುತ್ತದೆ. ಆ ಗೆರೆ ಚೌಕಟ್ಟಿನೊಳಗೆ ಮರೆಯಾಗುವಷ್ಟಾದರೂ ಇಳಿಸಲೇಬೇಕೆಂಬುದು ಅದರ ಅರ್ಥ. ನಮ್ಮ ಕಾಲಿನ ಅಳತೆಗೆಂದು ಯಾರೋ ಎಂದೋ ಅದನ್ನು ಎತ್ತರಿಸಿದ್ದರು. ಗೆರೆಯು ಚೌಕಟ್ಟಿನ ಬಾಯಿಂದ ಎರಡು ಬೆರಳು ಮೇಲಿದ್ದಿತು. ನಾವು ಅದನ್ನು ಕಾರ್ಖಾನೆಯ ಶೃಂಗಾರವೆಂದು ತಿಳಿದಿದ್ದೆವು. ಮೂವತ್ತೇಳು ವರ್ಷ ಹುಡುಗರಿಗೆ ಓದು ಓದು ಎಂದು ಹೇಳಿದವರು ನಾವು. ಪಿಲ್ಲರಿನ ಹಿಂಬದಿಯಲ್ಲಿ ಕೂದಲಿನಂತಹ ಸೀಳೊಂದು ಆಗಲೇ ಹುಟ್ಟಿದ್ದಿತು. ಇಳಿಜಾರಿನಲ್ಲಿ ಅದು ಮುರಿದಿದ್ದರೆ ಬೆನ್ನಿನ ಬಿಲ್ಲೆಯ ಚಿಂತೆಯೇ ನಮಗೆ ಇರುತ್ತಿರಲಿಲ್ಲ.

ಹೀಗೆ ಹೊಸದು ಬೇಕೇಬೇಕೆಂದಾಯಿತು. ಯಾವ ಲೋಹದ್ದು?

ಲೋಹಗಳ ಬಳುಕನ್ನು ಅಳೆಯುವ ಅಂಕಿಗೆ ಯಂಗ್ ಗುಣಾಂಕವೆಂದು ಹೆಸರು. ಇಂಗ್ಲೆಂಡಿನ ಥಾಮಸ್ ಯಂಗನು ೧೮೦೭ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳಲ್ಲಿ ಈ ವಿಚಾರವನ್ನು ವಿವರಿಸಿದನು. ಈ ಹೆಸರನ್ನು ಕಂಡೊಡನೆ ನಮಗೆ ಹಳೆಯ ನಂಟನನ್ನು ಸಂತೆಯಲ್ಲಿ ಕಂಡಂತಾಯಿತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳ ಕುಟುಂಬಕ್ಕೆ ಇಂಡೋ-ಯುರೋಪಿಯನ್ ಎಂಬ ಹೆಸರನ್ನು ೧೮೧೩ರಲ್ಲಿ ಮೊದಲು ಬಳಸಿದವನು ಇದೇ ಯಂಗನು! ವೃತ್ತಿಯಿಂದ ವೈದ್ಯ, ಬೆಳಕಿನ ಅಲೆಗಳನ್ನು ಶೋಧಿಸಿದನು, ಈಜಿಪ್ಟಿನ ಚಿತ್ರಲಿಪಿಯ ಗಂಟನ್ನು ಬಿಚ್ಚಲು ಕೈಹಚ್ಚಿದನು. ಜೀವಮಾನವೆಲ್ಲ ಶಬ್ದರೂಪಗಳನ್ನು ಒಪ್ಪಿಸಿಕೊಂಡು ಬಂದ ನಮಗೆ ಲೋಹಗಳ ಲೆಕ್ಕದಲ್ಲಿ ಇವನೇ ಮೇಷ್ಟರಾಗಿ ದೊರೆತದ್ದರಿಂದ ಧೈರ್ಯ ಬಂದಿತು.

ಅವನ ಅಂಕಿಯ ಪ್ರಕಾರ ಉಕ್ಕು ಅಲ್ಯೂಮಿನಿಯಮ್ಮಿನ ಸುಮಾರು ಮೂರರಷ್ಟು ಬಿರುಸು. ಟೈಟೇನಿಯಮ್ಮು ಅಲ್ಯೂಮಿನಿಯಮ್ಮಿನ ಸುಮಾರು ಒಂದೂವರೆಯಷ್ಟು. ಅಂದ ಮೇಲೆ ಒಂದೇ ಅಳತೆಯ ಮೂರು ಕೊಳವೆಗಳನ್ನು ಮಾಡಿದರೆ ಎಲ್ಲಕ್ಕಿಂತ ಹೆಚ್ಚು ಬಳುಕುವುದು ಅಲ್ಯೂಮಿನಿಯಮ್ಮು, ಎಲ್ಲಕ್ಕಿಂತ ಕಡಿಮೆ ಉಕ್ಕು! ಲೋಕದ ಮಾತು ಇದಕ್ಕೆ ತೀರ ವಿರುದ್ಧ. ಉಕ್ಕು ಮೃದು, ಅಲ್ಯೂಮಿನಿಯಮ್ಮು ಕಠಿನ ಎಂದು ಬೈಸಿಕಲ್ಲಿನವರೆಲ್ಲರೂ ಹೇಳುವರು. ಅವರ ಮಾತೂ ಸುಳ್ಳಲ್ಲ. ಉಕ್ಕಿನ ಸತ್ತ್ವ ದೊಡ್ಡದಾದುದರಿಂದ ಅದನ್ನು ತೆಳ್ಳಗೆ, ಸಣ್ಣಗೆ ಮಾಡಿದರೂ ನಡೆಯುವುದು. ಅಲ್ಯೂಮಿನಿಯಮ್ಮು ಮೇಲಿಂದ ಮೇಲೆ ಬಗ್ಗಿದರೆ ದಣಿದು ಸೀಳುವುದರಿಂದ ಅದನ್ನು ದಪ್ಪವಾಗಿ, ಅಗಲವಾಗಿ ಮಾಡುವರು. ಬಿರುಸಾಗುವುದು ಆ ಅಗಲ. ಹೆಸರು ಕೆಡುವುದು ಲೋಹಕ್ಕೆ.

ನಮ್ಮ ಸೀಮೆಯವರಿಗೆ ಇದನ್ನು ದೋಟಿಯ ಉದಾಹರಣೆಯಿಂದ ಹೇಳಿದರೆ ಬೇಗ ತಿಳಿಯುವುದು. ಅಡಕೆ ಕೊನೆಗೆ ದೋಟಿ ಹಾಕುವವನು ಕೈಯಳತೆಯ ಗಳುವನ್ನು ಬೇಕಾದಂತೆ ಆಡಿಸುವನು. ಅದೇ ಗಳುವನ್ನು ಎರಡರಷ್ಟು ಉದ್ದ ಮಾಡಿದರೆ ತುದಿ ಹಾವಿನಂತೆ ತೂಗಾಡುವುದು. ಉದ್ದ ಎರಡು ಪಾಲಾದರೆ ಬಳುಕು ಎಂಟು ಪಾಲು. ಮೂರು ಪಾಲಾದರೆ ಇಪ್ಪತ್ತೇಳು. ದಪ್ಪದ್ದು ಇದಕ್ಕೆ ತಿರುಗು ಲೆಕ್ಕ. ಪಿಲ್ಲರುಗಳಲ್ಲಿ ೨೭.೨ ಮಿಲಿಮೀಟರ್, ೩೧.೬ ಮಿಲಿಮೀಟರ್ ಎಂಬ ಎರಡು ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ಗೋಡೆಯ ದಪ್ಪ ಒಂದೇ ಆಗಿದ್ದರೆ ಸಣ್ಣದು ದೊಡ್ಡದರ ಒಂದೂವರೆಗಿಂತ ಹೆಚ್ಚು ಬಳುಕುವುದು. ನಮ್ಮ ಉಕ್ಕಿನ ಚೌಕಟ್ಟು ಸಣ್ಣ ಅಳತೆಯದೇ. ಸುಖದ ಮೊದಲ ಪಾಠವನ್ನು ಅದು ಕೇಳದೆಯೇ ಕಲಿತಿದ್ದಿತು.

ಕಾರ್ಬನ್ ಎಂಬ ನಾಲ್ಕನೆಯ ಪಕ್ಷವೊಂದಿದೆ. ಅದು ಲೋಹವಲ್ಲ, ಇದ್ದಲಿನ ನಾರನ್ನು ಅಂಟಿನಲ್ಲಿ ನೆನೆಸಿ ಎರಕ ಹೊಯ್ದದ್ದು. ಈಗ ನಮ್ಮ ತೋಟಗಳಲ್ಲಿ ಔಷಧಿ ಹೊಡೆಯುವ ಹಗುರವಾದ ದೋಟಿಗಳೂ ಅದರವೇ ಆದುದರಿಂದ ಮಲೆನಾಡಿಗರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಶಿಷ್ಯನ ಅಂಗಡಿಗೆ ಬರುವ ತರುಣನೊಬ್ಬನಲ್ಲಿ ೨೭.೨ರ ಕಾರ್ಬನ್ ಪಿಲ್ಲರೊಂದಿದ್ದಿತು. ಒಂದು ವಾರಕ್ಕೆ ಎರವಲಾಗಿ ಕೊಟ್ಟನು. ಸಾಧಾರಣವಾದ ಹೊಸ ಅಲ್ಯೂಮಿನಿಯಮ್ ಪಿಲ್ಲರೊಂದನ್ನು ಶಿಷ್ಯನು ತಂದನು. ಪರೀಕ್ಷೆಯಾಗಲೆಂದು ನಾವೇ ಸೂಚಿಸಿದೆವು. ಪ್ರತಿ ಸಂಜೆ ಅವನು ಎರಡರಲ್ಲೊಂದನ್ನು ನಮಗೆ ಹೇಳದೆ ತೊಡಿಸಿ, ಹಳೆಯ ಪಂಚೆಯ ಚೂರನ್ನು ಸುತ್ತಿ ಮರೆಮಾಡಿ, ಬೈಸಿಕಲ್ಲನ್ನು ಕೈಗೆ ಕೊಡುವುದು. ನಾವು ಶಾಲೆಯ ಹಿಂದಿನ ಕಲ್ಲುದಾರಿಯಲ್ಲಿ ಹೋಗಿಬಂದು ಯಾವುದೆಂದು ಹೇಳುವುದು.

ಮೊದಲ ಸಂಜೆ, "ಆಹಾ, ಇದು ಕಾರ್ಬನ್ನು, ಏಟೇ ತಿಳಿಯಲಿಲ್ಲ," ಎಂದೆವು. ಪಂಚೆ ಬಿಚ್ಚಿದರೆ ಅಲ್ಯೂಮಿನಿಯಮ್ಮು. ಎರಡನೆಯ ಸಂಜೆ, "ಇದು ಅಲ್ಯೂಮಿನಿಯಮ್ಮು, ಸಂಶಯವಿಲ್ಲ, ಬೆನ್ನು ಹಿಡಿಯಿತು," ಎಂದೆವು. ಕಾರ್ಬನ್ನು. ಮೂರನೆಯ ದಿವಸ ಹೇಳಿದ್ದು ಸರಿಯಾಯಿತು; ಎರಡರಲ್ಲೊಂದನ್ನು ಕಣ್ಣುಮುಚ್ಚಿ ಹೇಳಿದರೂ ಅಷ್ಟು ಸರಿಯಾಗುತ್ತಿದ್ದಿತು. "ಮೂರಕ್ಕೆ ಒಂದು ಮಾರ್ಕು, ಮೇಷ್ಟ್ರೇ. ನಿಮ್ಮ ಕಾಲದಲ್ಲಿ ಇಷ್ಟಕ್ಕೆ ಪಾಸು ಮಾಡುತ್ತಿರಲಿಲ್ಲ," ಎಂದು ಶಿಷ್ಯನು ಮೂವತ್ತು ವರ್ಷದ ಬಾಕಿಯನ್ನು ತೀರಿಸಿಕೊಂಡನು. ಕಾರ್ಬನ್ನಿನ ನಾರು ಸಣ್ಣ ಕಂಪನಗಳನ್ನು ನುಂಗುವುದೆಂದು ಹೇಳುವವರಿದ್ದಾರೆ. ಗಂಟೆಗಟ್ಟಲೆ ಡಾಂಬರಿನ ಮೇಲೆ ಹೋಗುವ ತರುಣರಿಗೆ ಅದು ತಿಳಿಯಬಹುದು. ನಮ್ಮ ರಸ್ತೆಯಲ್ಲಿ ಇರುವುದು ಕಂಪನವಲ್ಲ, ಪೆಟ್ಟು.

ನಾಲ್ಕನೆಯ ಸಂಜೆ ಶಿಷ್ಯನು ಪಿಲ್ಲರಿನ ತಂಟೆಗೇ ಹೋಗದೆ, ಚಕ್ರದ ಬಳಿ ಕುಳಿತು ಏನೋ ಮಾಡಿ, "ಈಗ ಹೋಗಿಬನ್ನಿ," ಎಂದನು. ಹತ್ತು ಮಾರು ಹೋಗುವುದರೊಳಗೆ ನಮಗೆ ತಿಳಿಯಿತು. ಕಲ್ಲುಗಳು ಅಲ್ಲಿಯೇ ಇದ್ದುವು. ಅವುಗಳ ಮೇಲೆ ಯಾರೋ ಜಮಖಾನ ಹಾಸಿದ್ದರು. ನಮ್ಮ ಟೈರುಗಳು ಎರಡು ಅಂಗುಲಕ್ಕೂ ಮಿಕ್ಕಿ ಅಗಲವಾದವು. ನಾವಾದರೋ ಹಳೆಯ ಬೈಸಿಕಲ್ಲಿನ ಅಭ್ಯಾಸದಿಂದ ಹೆಬ್ಬೆರಳಿಗೆ ಬಗ್ಗದಂತೆ ೫೫ ಪೌಂಡಿನ ಒತ್ತಡಕ್ಕೆ ಗಾಳಿ ತುಂಬಿಸುತ್ತಿದ್ದೆವು. ಅವನು ಹಿಂದಿನದನ್ನು ೩೦ಕ್ಕೂ ಮುಂದಿನದನ್ನು ೨೬ಕ್ಕೂ ಇಳಿಸಿದ್ದನು. ಇನ್ನೂ ಇಳಿಸಿದರೆ ಕಲ್ಲಿಗೂ ಚಕ್ರದ ಅಂಚಿಗೂ ನಡುವೆ ಸಿಕ್ಕಿ ಟ್ಯೂಬು ಹರಿಯುವುದೆಂದೂ, ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಮಿತಿಗಳನ್ನು ಮೀರಬಾರದೆಂದೂ ಎಚ್ಚರಿಸಿದನು. ಪಿಲ್ಲರಿನ ಗೆರೆಯನ್ನು ಓದದವರಿಗೆ ಟೈರಿನ ಅಕ್ಷರವನ್ನು ಓದಿರೆಂದು ಹೇಳುವುದು ನ್ಯಾಯವೇ.

ಈ ವಾಹನದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಬೆಲ್‌ಫಾಸ್ಟಿನ ಪಶುವೈದ್ಯನಾದ ಡನ್‌ಲಪ್ಪನು ೧೮೮೮ರಲ್ಲಿ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದದ್ದು ಮಗನ ಮೂರು ಚಕ್ರದ ಬಂಡಿಯ ಕುಲುಕಾಟವನ್ನು ಕಂಡು ಮರುಗಿದ್ದರಿಂದ. ಅಮೆರಿಕದಲ್ಲಿ ಶ್ವಿನ್ ಕಂಪೆನಿಯವರು ೧೯೩೩ರಲ್ಲಿ ಬೆಲೂನಿನಂತಹ ದಪ್ಪ ಟೈರಿನ ಬೈಸಿಕಲ್ಲನ್ನು ಹೊರತಂದರು. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದ ಹುಡುಗರು ಟ್ಯಾಮಲ್ಪೈಸ್ ಬೆಟ್ಟದ ಮಣ್ಣುದಾರಿಗಳಲ್ಲಿ ಧುಮುಕಲು ಹುಡುಕಿ ತೆಗೆದದ್ದು ಅಂತಹ ದಪ್ಪ ಟೈರಿನ ಹಳೆಯ ಬಂಡಿಗಳನ್ನೇ. ಅವರಲ್ಲೊಬ್ಬನಾದ ಜೋ ಬ್ರೀಜನು ೧೯೭೭ರಲ್ಲಿ ಅದೇ ಟೈರುಗಳಿಗೆ ಹೊಂದುವಂತೆ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಹೊಸ ಚೌಕಟ್ಟನ್ನು ಬೆಸೆದನು. ನಮ್ಮ ಜಗಲಿಯ ಮೇಲಿರುವುದು ಆ ವಂಶದ್ದೇ. ಅದರ ಹುಟ್ಟುಗುಣವನ್ನು ನಾವು ಪಂಪು ಹೊಡೆದು ಹೊಡೆದು ಕೊಂದಿದ್ದೆವು.

ಮೇಷ್ಟರ ಚಟ ಬಿಡದು. ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ನಮ್ಮ ಭಾರದಲ್ಲಿ ಸೀಟಿನ ಮೇಲೆ ಬೀಳುವುದು ೫೦ ಕಿಲೋ ಎನ್ನೋಣ. ಪಿಲ್ಲರು ನೆಲಕ್ಕೆ ಸುಮಾರು ೭೩ ಡಿಗ್ರಿ ಓರೆಯಾಗಿರುವುದರಿಂದ ಭಾರದ ಹೆಚ್ಚಿನ ಪಾಲು ಅದರ ಉದ್ದಕ್ಕೆ ಇಳಿದುಹೋಗಿ, ಅಡ್ಡಕ್ಕೆ ಬಗ್ಗಿಸುವ ಪಾಲು ಹದಿನೈದು ಕಿಲೋ ಮಾತ್ರ. ಹೊರಗೆ ಕಾಣುವ ಪಿಲ್ಲರು ೨೦೦ ಮಿಲಿಮೀಟರ್, ಗೋಡೆಯ ದಪ್ಪ ಎರಡು ಮಿಲಿಮೀಟರ್ ಎಂದಿಟ್ಟುಕೊಂಡರೆ ಅಲ್ಯೂಮಿನಿಯಮ್ಮಿನ ತಲೆ ಹಿಂದಕ್ಕೆ ಬಾಗುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇದರಲ್ಲಿ ಬೆನ್ನಿಗೆ ಬೇಕಾದ ಮೇಲು-ಕೆಳಗಿನ ಚಲನೆಯ ಪಾಲು ಎರಡು ಕೂದಲುಗಳನ್ನು ಜೋಡಿಸಿದಷ್ಟು. ಟೈಟೇನಿಯಮ್ಮನ್ನು ಇನ್ನೂ ತೆಳ್ಳಗೆ, ಒಂದೂಕಾಲು ಮಿಲಿಮೀಟರಿನಷ್ಟು ಮಾಡಿದರೆ ಬರುವುದೂ ಅದೇ ಎರಡು ಕೂದಲು. ಅತ್ತ ಟೈರನ್ನು ಅಳೆದೆವು: ಇಳಿಸಿದ ಗಾಳಿಯಲ್ಲಿ ನಾವು ಕುಳಿತರೆ ಹಿಂದಿನ ಚಕ್ರದ ಅಂಚು ನೆಲಕ್ಕೆ ಆರು ಮಿಲಿಮೀಟರ್ ಹತ್ತಿರವಾಗುತ್ತಿದ್ದಿತು. ಎರಡು ಕೂದಲೆಲ್ಲಿ, ಆರು ಮಿಲಿಮೀಟರೆಲ್ಲಿ!

ಪಿಲ್ಲರಿನಿಂದಲೇ ಸುಖ ಬೇಕೆನ್ನುವವರಿಗೆ ಬೇರೆ ಜಾತಿಯವುಗಳೂ ಇವೆ. ಕೀಲುಗಳಿಂದ ಕೂಡಿ ಸೀಟನ್ನು ಹಿಂದಕ್ಕೂ ಕೆಳಕ್ಕೂ ತೂಗಿಸುವವು, ಒಳಗೆ ಸ್ಪ್ರಿಂಗಿಟ್ಟು ಇಳಿದೇಳುವವು, ಎರಡು ಕಾರ್ಬನ್ ಪಟ್ಟಿಗಳನ್ನು ಬಿಲ್ಲಿನಂತೆ ಜೋಡಿಸಿದವು. ಇವು ನಿಜವಾಗಿ ಚಲಿಸುವುವು. ಇಲ್ಲಿ ಬಳುಕುವುದು ಆಕಾರವೇ ಹೊರತು ಬರಿಯ ಲೋಹವಲ್ಲ. ಬೆನ್ನು ಹೆಚ್ಚು ಕೆಟ್ಟವರು ಇವುಗಳನ್ನೇ ನೋಡಬೇಕು. ನಮ್ಮ ಕೆಸರಿನಲ್ಲಿ ಇನ್ನೂ ನಾಲ್ಕು ಕೀಲುಗಳನ್ನು ಸಾಕುವ ಧೈರ್ಯ ನಮಗಾಗಲಿಲ್ಲ.

ಲೆಕ್ಕ ಮುಗಿದ ಸಂತೋಷದಲ್ಲಿ ನಾವು ಮಾಡಿದ ಕೆಲಸಕ್ಕೆ ಈಗಲೂ ನಾಚಿಕೆಯಾಗುವುದು. ಅದೆಲ್ಲವನ್ನೂ ನಾಲ್ಕು ಪುಟಗಳಲ್ಲಿ ಅಂದವಾಗಿ ಬರೆದು, ಮೊಬೈಲಿನಲ್ಲಿ ಚಿತ್ರ ಹಿಡಿದು, "ಆದುದರಿಂದ ನೀನು ಹೇಳುವ ಟೈಟೇನಿಯಮ್ಮಿನಿಂದ ಪ್ರಯೋಜನವು ಎರಡು ಕೂದಲಿನಷ್ಟು, ಹಣವನ್ನು ವ್ಯರ್ಥ ಮಾಡಬೇಡ" ಎಂದು ಮುಗಿಸಿ ಮಗನಿಗೆ ಕಳುಹಿದೆವು. ದಿನವೂ ಸಂಜೆ ಮಾತಾಡುವ ಹುಡುಗನು ಅಂದು ಮಾತಾಡಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ನಮ್ಮ ಮನೆಯವರು ಅಕ್ಕಿ ಆರಿಸುತ್ತಾ, ತಲೆಯೆತ್ತದೆ ಹೇಳಿದರು: "ಅಷ್ಟು ದೂರದಲ್ಲಿ ಕೂತು ಅಪ್ಪನ ಬೆನ್ನಿಗೆ ಏನಾದರೂ ಮಾಡಬೇಕು ಅಂತ ಅವನಿಗೆ ಅನ್ನಿಸಿದರೆ, ನೀವು ಅದನ್ನ ಅಳೆದು ಎರಡು ಕೂದಲು ಅಂತ ಬರೆದಿರಿ."

ಆ ರಾತ್ರಿ ನಿದ್ರೆ ಬಾರಲಿಲ್ಲ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿದ್ದಿತು. 'ಸುಖ'ವೆಂಬ ಶಬ್ದವನ್ನೇ ಮನಸ್ಸಿನಲ್ಲಿ ತಿರುವುತ್ತಿದ್ದೆವು. 'ಖ' ಎಂದರೆ ರಂಧ್ರ, ಬಂಡಿಯ ಗುಂಬದಲ್ಲಿ ಅಚ್ಚು ಕೂರುವ ತೂತು. ಆ ತೂತು ಚೆನ್ನಾಗಿ ಹೊಂದಿದ ರಥವು 'ಸುಖ' ಎಂದು ಕೆಲವು ಭಾಷಾಶಾಸ್ತ್ರಜ್ಞರು ನಿರ್ವಚನ ಮಾಡುವರು. ಋಗ್ವೇದದಲ್ಲಿ ಈ ಪದವು ರಥಕ್ಕೆ ವಿಶೇಷಣವಾಗಿಯೇ ಬರುವುದು. ಇದನ್ನು ಮಕ್ಕಳಿಗೆ ಎಷ್ಟೋ ಬಾರಿ ಪಾಠ ಹೇಳಿದ್ದೆವು. ತೂತಿನಲ್ಲಿ ಅಚ್ಚು, ಕೊಳವೆಯಲ್ಲಿ ಪಿಲ್ಲರು. ಮಾಡಿನಿಂದ ನೀರು ಸುರಿಯುವ ಸದ್ದು. ಥಟ್ಟನೆ ಎದ್ದು ಕುಳಿತೆವು. ಆ ಬಿಳಿಯ ಪುಡಿಯನ್ನು ನಾವು ಲೆಕ್ಕದಲ್ಲಿ ಹಿಡಿದಿರಲೇ ಇಲ್ಲ!

ಪಿಲ್ಲರಿನ ಲೋಹವನ್ನು ಬೆನ್ನಿನಿಂದ ಆರಿಸಬಾರದು, ಮಳೆಯಿಂದ ಆರಿಸಬೇಕು. ಅಲ್ಯೂಮಿನಿಯಮ್ಮು ಉಕ್ಕಿನೊಳಗೆ ಪುಡಿಯಾಗಿ ಕಚ್ಚುವುದು. ಉಕ್ಕಿನದನ್ನೇ ಹಾಕಿದರೆ ಎರಡಕ್ಕೂ ತುಕ್ಕು. ಕಾರ್ಬನ್ನಿಗೆ ತುಕ್ಕಿಲ್ಲ, ಆದರೆ ಬಿಗಿಪಟ್ಟಿಯನ್ನು ಇಷ್ಟೇ ಎಂದು ಅಳೆದು ಬಿಗಿಯುವ ಸ್ಪಾನರು ಬೇಕು, ಸಾಮಾನ್ಯವಾಗಿ ಐದು ನ್ಯೂಟನ್-ಮೀಟರ್. ಹೆಚ್ಚಾದರೆ ನಾರು ಒಳಗೊಳಗೇ ಸೀಳುವುದು, ಹೊರಗೆ ಕಾಣುವುದೂ ಇಲ್ಲ. ಮರಳು ಸೇರಿದ ಕೆಸರಿನ ಗೀರೂ ಅದಕ್ಕಾಗದು. ಟೈಟೇನಿಯಮ್ಮು ಮಾತ್ರ ನೀರಿಗೂ ಬೆವರಿಗೂ ಬಣ್ಣಗೆಡದೆ ಇರುವುದು. ಬಗ್ಗಿ ಬಗ್ಗಿ ಏಳುವುದನ್ನು ಬಹುಕಾಲ ಸಹ ಸಹಿಸುವುದು. ಉಕ್ಕಿನ ಕೊಳವೆಗಾಗಿ ನಡುವೆ ತಾಮ್ರದ ಪುಡಿ ಬೆರೆತ ಗ್ರೀಸನ್ನು ಸವರಿದರೆ ಸಾಕು. ನಮ್ಮ ಕಾಲ ಮುಗಿದ ಮೇಲೂ ಅದನ್ನು ಕಿತ್ತು ಇನ್ನೊಂದು ಚೌಕಟ್ಟಿಗೆ ಹಾಕಬಹುದು. ಮಗನು ಹೇಳಿದ ಲೋಹ ಸರಿ, ಹೇಳಿದ ಕಾರಣ ತಪ್ಪು. ನಾವು ಕಾರಣವನ್ನು ಹಿಡಿದು ಲೋಹವನ್ನು ಬಿಸುಟಿದ್ದೆವು.

ಬೆಳಗಾಗುವುದನ್ನೇ ಕಾದು ಬರೆದೆವು: "ಟೈಟೇನಿಯಮ್ಮೇ ಬೇಕು. ಸುಖಕ್ಕಲ್ಲ, ಮಳೆಗೆ. ಉದ್ದ ೪೦೦ ಮಿಲಿಮೀಟರ್ ಇರಲಿ, ಗೆರೆ ಒಳಗೆ ಚೆನ್ನಾಗಿ ಇಳಿಯಬೇಕು. ತಲೆ ಹಿಂದಕ್ಕೆ ಬಾಗಿದ್ದನ್ನು ಕಳಿಸು. ಅದರಿಂದ ಬಳುಕು ಸ್ವಲ್ಪ ಹೆಚ್ಚುವುದು, ಎರಡು ಕೂದಲು ಮೂರಾಗಬಹುದು." ಹತ್ತು ನಿಮಿಷದಲ್ಲಿ ಉತ್ತರ ಬಂದಿತು: "ಕಳಿಸಿ ನಾಲ್ಕು ದಿನ ಆಯ್ತು ಅಪ್ಪಯ್ಯ. ಹಿಂದಕ್ಕೆ ಬಾಗಿದ್ದೇ."

ಆಶ್ವಯುಜದ ಮೊದಲ ಗುರುವಾರ ಹೊರಟೆವು. ಟೈರಿನಲ್ಲಿ ಮೂವತ್ತು ಪೌಂಡು. ಕಲ್ಲಿನ ಹಲ್ಲುಗಳು ತೀರ ಮೇಲೆದ್ದ ಕಡೆಗಳಲ್ಲಿ ಪೆಡಲಿನ ಮೇಲೆ ಎದ್ದು ನಿಲ್ಲುವುದನ್ನು ಶಿಷ್ಯನು ಕಲಿಸಿದ್ದನು, ಅಲ್ಲಿ ಪಿಲ್ಲರಿಗೂ ನಮಗೂ ಸಂಬಂಧವೇ ಇಲ್ಲ. ಮುಕ್ಕಾಲು ಗಂಟೆಯ ದಾರಿಗೆ ಒಂದು ಗಂಟೆಯ ಮೇಲಾಯಿತು. ಸೊಂಟ ಗೊಣಗಿತು, ಕೂಗಲಿಲ್ಲ. ವೈದ್ಯರಿಗೆ ಇನ್ನೂ ಹೇಳಿಲ್ಲ.

ಅಕ್ಕ ಉಣುಗೋಲಿನ ಬಳಿಯೇ ನಿಂತಿದ್ದಳು. ಚಕ್ರದ ಸದ್ದು ಅವಳಿಗೆ ತಿರುವಿನಿಂದಲೇ ತಿಳಿಯುವುದು. ಬೈಸಿಕಲ್ಲನ್ನು ಒರಗಿಸುತ್ತಿದ್ದಂತೆ ಕೈಯಿಂದ ತಡವಿ ಹ್ಯಾಂಡಲನ್ನು, ಸೀಟನ್ನು, ಅದರ ಕೆಳಗಿನ ಬೂದುಬಣ್ಣದ ಕೊಳವೆಯನ್ನು ಮುಟ್ಟಿದಳು.

"ಇದು ತಣ್ಣಗಿದೆಯಲ್ಲೋ. ಬೆಳ್ಳಿಯದೇನು?"

"ಅಲ್ಲ ಅಕ್ಕ, ಬೇರೆ ಲೋಹ. ಹುಡುಗ ಕಳಿಸಿದ್ದು."

"ಎಷ್ಟಾಯಿತಂತೆ?"

ನಿಜವಾದ ಬೆಲೆಯ ಕಾಲು ಭಾಗವನ್ನು ಹೇಳಿದೆವು. ಅದಕ್ಕೇ ಅವಳು ಅಯ್ಯೋ ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡು, ಜೀರಿಗೆ ಕಷಾಯ ತರಲು ಒಳಗೆ ಹೋದಳು. ನಾವು ಚೀಲದಿಂದ ಭಾರತವನ್ನು ತೆಗೆದು ಗುರುತಿಟ್ಟ ಪುಟವನ್ನು ಬಿಡಿಸಿದೆವು. ಭೀಷ್ಮನು ಮಲಗಿಯೇ ಇದ್ದನು.